ಮೌಂಟನ್ ಬೈಕಿನ ಚೈನು ಫ್ರೇಮಿಗೆ ಬಡಿಯದಂತೆ ಮಾಡುವುದು ಹೇಗೆ?

ಕಲ್ಲು, ಬೇರುಗಳು ತುಂಬಿದ ಇಳಿಜಾರಿನಲ್ಲಿ ಸೈಕಲ್ ಇಳಿಸುವಾಗ ಚೈನು ಫ್ರೇಮಿಗೆ ಪಟಪಟನೆ ಬಡಿಯುವುದನ್ನು ಎಣ್ಣೆ ಹಾಕಿ ನಿಲ್ಲಿಸಲು ನೋಡುವವರು ಬಹಳ ಮಂದಿ. ಎಣ್ಣೆಗೆ ಬಗ್ಗುವ ಸದ್ದೇ ಬೇರೆ. ಸಮತಟ್ಟಾದ ದಾರಿಯಲ್ಲಿ ಪೆಡಲ್ ತುಳಿಯುವಾಗ ಕಿರ್ರೆನ್ನುವ ಅಥವಾ ಕರಕರ ಎನ್ನುವ ಸದ್ದು ಬಂದರೆ ಚೈನು ಒಣಗಿದೆ, ಇಲ್ಲವೇ ಗೇರಿನ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬೇಕು. ಅಲ್ಲಿ ಸುಮ್ಮನಿದ್ದು, ಪೆಡಲ್ ನಿಲ್ಲಿಸಿ ಒರಟು ನೆಲದ ಮೇಲೆ ಇಳಿಯುವಾಗ ಮಾತ್ರ ಸದ್ದು ಬರುವುದಾದರೆ ಬಹುಮಟ್ಟಿಗೆ ಚೈನು ಸಡಿಲವಾಗಿ ಕುಣಿಯುತ್ತಿದೆ ಎಂದು ಅರ್ಥ. ಇದನ್ನು ಖಚಿತಪಡಿಸಿಕೊಳ್ಳಲು ಸುಲಭವಾದ ಒಂದು ಉಪಾಯವಿದೆ: ಚೈನನ್ನು ಪೂರ್ತಿ ಬಿಚ್ಚಿಟ್ಟು, ಪರಿಚಯದ ಚಿಕ್ಕ ಇಳಿಜಾರೊಂದನ್ನು ಪೆಡಲ್ ತುಳಿಯದೆ ಇಳಿಯಿರಿ. ಆಗಲೂ ಸದ್ದು ಬಂದರೆ ಅದು ಫ್ರೇಮಿನೊಳಗಿನ ಕೇಬಲ್ಲಿನದೋ ಸಡಿಲವಾದ ಬೋಲ್ಟಿನದೋ ಇರಬೇಕು. ಅದಕ್ಕಾಗಿ ಡ್ರೈವ್‌ಟ್ರೇನಿಗೆ (ಚೈನು, ಗೇರುಗಳ ಬಿಡಿಭಾಗಗಳಿಗೆ) ದುಡ್ಡು ಸುರಿಯುವುದು ವ್ಯರ್ಥ.

ಚೈನಿನ ಕೆಳಭಾಗವನ್ನು ಬಿಗಿಯಾಗಿ ಹಿಡಿದಿಡುವುದು ಹಿಂದಿನ ಡಿರೇಲರಿನ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನದ, ಸ್ಪ್ರಿಂಗ್ ಒಂದೇ. ಹಿಂದಿನ ಗಾಲಿ ಕಲ್ಲಿಗೆ ಬಡಿದಾಗ ಡಿರೇಲರಿನ ಕೇಜ್, ಅಂದರೆ ಎರಡು ಪುಟ್ಟ ಗಾಲಿಗಳಿರುವ ತೋಳು, ಮುಂದಕ್ಕೆ ಓಲಾಡುತ್ತದೆ. ಆ ಕ್ಷಣ ಸಡಿಲವಾದ ಚೈನು ಮೇಲಕ್ಕೆ ಹಾರಿ ಚೈನ್‌ಸ್ಟೇಗೆ, ಅಂದರೆ ಪೆಡಲಿನ ಬಳಿಯಿಂದ ಹಿಂದಿನ ಗಾಲಿಯ ನಡುವಿಗೆ ಹೋಗುವ ಫ್ರೇಮಿನ ಕೊಳವೆಗೆ, ಹೊಡೆಯುತ್ತದೆ. ನನ್ನ ಹಳೆಯ ಸೈಕಲ್ಲಿನ ಚೈನ್‌ಸ್ಟೇ ಮೇಲೆ ಬೆರಳಾಡಿಸಿದರೆ ಬಣ್ಣವೆದ್ದ ಗುಳಿಗಳು ಸಾಲಾಗಿ ಸಿಗುತ್ತಿದ್ದವು, ಪ್ರತಿ ಗುಳಿಯೂ ಒಂದೊಂದು ಕೊಂಡಿಯ ಗುರುತು. ಹಿಂದೆ ಚಿಕ್ಕ ಹಲ್ಲುಚಕ್ರದಲ್ಲಿದ್ದಾಗ ಚೈನು ಅತಿ ಸಡಿಲವಾಗಿರುವುದರಿಂದ, ಇಳಿಯುವಾಗ ನಡುವಿನ ಗೇರಿಗೆ ಹಾಕಿಕೊಂಡರೆ ಖರ್ಚಿಲ್ಲದೆಯೇ ಸದ್ದು ತಕ್ಕಮಟ್ಟಿಗೆ ತಗ್ಗುತ್ತದೆ.

ಬದಲಾಯಿಸಲು ಹೊರಟವರು ಮೊದಲು ಕೈಹಾಕಬೇಕಾದದ್ದು ಕ್ಲಚ್ ಇರುವ ಡಿರೇಲರಿಗೆ. ಉಳಿದದ್ದೆಲ್ಲ ಆಮೇಲೆ. ಕೇಜ್ ಮುಂದಕ್ಕೆ ತಿರುಗುವುದನ್ನು ಕ್ಲಚ್ ಘರ್ಷಣೆಯಿಂದ ತಡೆಯುತ್ತದೆ, ಹಿಂದಕ್ಕೆ ಮರಳುವುದಕ್ಕೆ ಮಾತ್ರ ಅಡ್ಡಿಪಡಿಸುವುದಿಲ್ಲ. ಶಿಮಾನೊ ಕಂಪನಿ ಇದನ್ನು ಶ್ಯಾಡೋ ಆರ್‌ಡಿ ಪ್ಲಸ್ ಎಂದೂ ಸ್ರ್ಯಾಮ್ ಕಂಪನಿ ಟೈಪ್ 2 ಎಂದೂ ಕರೆದು, 2011–12ರ ಸುಮಾರಿಗೆ ದುಬಾರಿ ಬಿಡಿಭಾಗಗಳಲ್ಲಿ ಹೊರತಂದವು. ಈಗ ಶಿಮಾನೊದ ಡಿಯೋರ್‌ನಂಥ ಮಧ್ಯಮ ದರ್ಜೆಯಲ್ಲಿಯೂ ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಸರಣಿಯಲ್ಲಿಯೂ ಕ್ಲಚ್ ಸಿಗುತ್ತದೆ. ಕೊಳ್ಳುವ ಮುನ್ನ ಕೇಜನ್ನು ಕೈಯಿಂದ ಮುಂದಕ್ಕೆ ತಳ್ಳಿ ನೋಡಿ: ಕ್ಲಚ್ ಇದ್ದರೆ ಅದು ಗಟ್ಟಿಯಾಗಿ ಎದುರಿಸುತ್ತದೆ.

ಆದರೆ ಡಿರೇಲರ್ ಒಂದನ್ನೇ ತಂದು ಜೋಡಿಸಿದರೆ ಸಾಕು ಎಂದುಕೊಳ್ಳಬೇಡಿ. ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರು ಬದಲಿಸುವ ಸಾಧನ) ಒಂದು ಕ್ಲಿಕ್ಕಿಗೆ ಎಳೆಯುವ ಕೇಬಲ್ಲಿನ ಉದ್ದ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಬೇರೆ ಬೇರೆ ಸರಣಿಗಳಿಗೂ ವ್ಯತ್ಯಾಸವಾಗುತ್ತದೆ. ಆದ್ದರಿಂದ ಶಿಫ್ಟರ್, ಡಿರೇಲರ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮೂರನ್ನೂ ಒಂದೇ ಸರಣಿಯಿಂದ ಆರಿಸುವುದು ಕ್ಷೇಮ. ಹಿಂದಿನ ಗಾಲಿಯ ನಡುಭಾಗವಾದ ಹಬ್ಬನ್ನೂ ಪರೀಕ್ಷಿಸಿ. ಅಗ್ಗದ ಅನೇಕ ಸೈಕಲ್ಲುಗಳಲ್ಲಿ ಕ್ಯಾಸೆಟ್ಟಿನ ಬದಲು ತಿರುಪಿನಂತೆ ತಿರುಗಿಸಿ ಕೂರಿಸುವ ಫ್ರೀವೀಲ್ ಇರುತ್ತದೆ. ಅಂಥ ಹಬ್ಬಿಗೆ ಹೊಸ ಕ್ಯಾಸೆಟ್ ಕೂರುವುದಿಲ್ಲ, ಗಾಲಿಯನ್ನೇ ಬದಲಿಸಬೇಕಾಗುತ್ತದೆ. ಹಬ್ಬಿನಲ್ಲಿ ಶಿಮಾನೊ ಎಚ್‌ಜಿ ಮಾದರಿಯ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಇದ್ದರೆ 11–42 ಹಲ್ಲುಗಳ 9 ಗೇರಿನ ಅಡ್ವೆಂಟ್ ಅಥವಾ 11–48 ಹಲ್ಲುಗಳ 10 ಗೇರಿನ ಅಡ್ವೆಂಟ್ ಎಕ್ಸ್ ಅದರಲ್ಲಿಯೇ ಕೂರುತ್ತದೆ.

ಮುಂದೆ ಪೆಡಲಿನ ಬಳಿ ಎರಡು ಮೂರು ಚೈನ್‌ರಿಂಗುಗಳು (ಹಲ್ಲುಚಕ್ರಗಳು) ಇದ್ದವರು ಒಂದೇ ಚೈನ್‌ರಿಂಗಿಗೆ ಬಂದರೆ ಇನ್ನೊಂದು ಲಾಭವಿದೆ. ಮುಂದಿನ ಡಿರೇಲರಿನ ಲೋಹದ ಚೌಕಟ್ಟೇ ಇಲ್ಲದಾಗುವುದರಿಂದ ಚೈನು ಅದಕ್ಕೆ ತಗುಲಿ ಮಾಡುವ ಸದ್ದೂ ಇಲ್ಲವಾಗುತ್ತದೆ. ಇಲ್ಲಿ ಬೇಕಾದದ್ದು ನ್ಯಾರೋ‑ವೈಡ್ ಚೈನ್‌ರಿಂಗ್. ಅದರ ಹಲ್ಲುಗಳು ಒಂದು ದಪ್ಪ, ಒಂದು ತೆಳು ಎಂಬಂತೆ ಬರುತ್ತವೆ. ದಪ್ಪ ಹಲ್ಲು ಚೈನಿನ ಅಗಲವಾದ ಹೊರಕೊಂಡಿಯಲ್ಲಿಯೂ ತೆಳು ಹಲ್ಲು ಕಿರಿದಾದ ಒಳಕೊಂಡಿಯಲ್ಲಿಯೂ ಕೂತು ಚೈನನ್ನು ಬಿಡದೆ ಹಿಡಿಯುತ್ತವೆ. ಜೋಡಿಸುವಾಗ ಈ ಸಾಲು ಒಂದು ಹಲ್ಲು ಆಚೀಚೆಯಾದರೂ ಚೈನು ಸರಿಯಾಗಿ ಕೂರದು. ಏರು ಹತ್ತುವ ಶಕ್ತಿಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ: ಹಳೆಯ 22 ಹಲ್ಲಿನ ಚೈನ್‌ರಿಂಗಿಗೆ ಹಿಂದೆ 36 ಇದ್ದಾಗ ಅನುಪಾತ 0.61. 32ಕ್ಕೆ 42 ಹಾಕಿದರೆ ಅದು 0.76 ಆಗಿ ಕಡಿದಾದ ಏರಿನಲ್ಲಿ ಕಾಲು ಸೋಲುತ್ತದೆ; 30ಕ್ಕೆ 48 ಹಾಕಿದರೆ 0.625 ಸಿಗುತ್ತದೆ, ಅಂದರೆ ಹೆಚ್ಚುಕಡಿಮೆ ಹಳೆಯ ಸುಲಭ ಗೇರೇ. ಗುಡ್ಡ ಹತ್ತುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಅತಿ ಹೆಚ್ಚು ಜನ ಎಡವುವುದು ಚೈನಿನ ಉದ್ದದಲ್ಲಿ. ಉದ್ದವಾದ ಚೈನನ್ನು ಎಷ್ಟು ಒಳ್ಳೆಯ ಕ್ಲಚ್ ಆದರೂ ಸುಮ್ಮನಿರಿಸಲಾರದು. ಹೊಸ ಚೈನನ್ನು ಡಿರೇಲರಿನೊಳಗೆ ಹಾಯಿಸದೆ, ಮುಂದಿನ ಚೈನ್‌ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಸುತ್ತ ಬಿಗಿಯಾಗಿ ಸುತ್ತಿ, ತುದಿಗಳು ಕೂಡುವ ಜಾಗಕ್ಕೆ ಒಂದು ಒಳಕೊಂಡಿ, ಒಂದು ಹೊರಕೊಂಡಿ, ಅಂದರೆ ಒಂದು ಇಂಚು, ಸೇರಿಸಿ ಕತ್ತರಿಸುವುದು ಸಾಮಾನ್ಯ ಪದ್ಧತಿ. ತಯಾರಕರ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಹಿಂದೆ ಸಸ್ಪೆನ್ಷನ್ ಇರುವ ಸೈಕಲ್ಲಿನಲ್ಲಿ ಶಾಕ್ ಒತ್ತಿದಂತೆ ಗಾಲಿ ಪೆಡಲಿನಿಂದ ದೂರ ಸರಿಯುವುದರಿಂದ, ಶಾಕಿನ ಗಾಳಿ ಬಿಟ್ಟು, ಆ ದೂರ ಅತಿ ಹೆಚ್ಚಾಗುವ ಸ್ಥಿತಿಯಲ್ಲಿ ಅಳೆಯಬೇಕು. ಇದನ್ನು ಮರೆತು ಗಿಡ್ಡವಾಗಿ ಕತ್ತರಿಸಿದರೆ ದೊಡ್ಡ ಗುಂಡಿಗೆ ಬಿದ್ದಾಗ ಡಿರೇಲರ್ ಕಿತ್ತು ಬರಬಹುದು.

ಹಳೆಯ ಚೈನನ್ನೇ ಉಳಿಸಿಕೊಳ್ಳುವವರು ಅದರ ಸವೆತ ಅಳೆಯಲಿ. ಹೊಸ ಚೈನಿನಲ್ಲಿ 24 ಕೊಂಡಿಗಳು 304.8 ಮಿ.ಮೀ. ಇರುತ್ತವೆ; ಅದು 1.5 ಮಿ.ಮೀ. ಹೆಚ್ಚಿದ್ದರೆ ಸವೆತ ಶೇ. 0.5 ಮುಟ್ಟಿದೆ ಎಂದು ಲೆಕ್ಕ, 11 ಮತ್ತು 12 ಗೇರಿನ ಚೈನನ್ನು ಅಲ್ಲಿಗೆ ಬದಲಿಸುವುದು ಒಳ್ಳೆಯದು.

ಇಷ್ಟಾದ ಮೇಲೆ ಚೈನ್‌ಸ್ಟೇಗೆ ಮೆತ್ತನೆಯ ರಬ್ಬರ್ ಟೇಪನ್ನು ಎರಡು ಪದರ ಸುತ್ತಿ, ಒಳಮೈಗೂ ತಾಗುವಂತೆ ಒತ್ತಿ. ಉಳಿದ ಚೂರುಪಾರು ಬಡಿತವನ್ನು ಅದು ನುಂಗಿಕೊಳ್ಳುತ್ತದೆ.

ಶಿಮಾನೊದ ಹೆಚ್ಚಿನ ಕ್ಲಚ್ಚುಗಳಿಗೆ ಚಾಲೂ ಮಾಡುವ, ನಿಲ್ಲಿಸುವ ಪುಟ್ಟ ಸನ್ನೆ (ಲಿವರ್) ಒಂದಿದೆ. ಗಾಲಿ ಬಿಚ್ಚುವಾಗ ಅದನ್ನು ಕೆಳಗಿಳಿಸಿದರೆ ಕೇಜ್ ಸಲೀಸಾಗಿ ಮುಂದೆ ಬರುತ್ತದೆ. ಪಂಕ್ಚರ್ ತಿದ್ದಿ ಗಾಲಿ ಹಾಕಿದ ಮೇಲೆ ಅದನ್ನು ಮತ್ತೆ ಮೇಲೆತ್ತುವುದನ್ನು ಮರೆಯುವುದು ಸಾಮಾನ್ಯ. ಹೊಸ ಡಿರೇಲರ್ ಹಾಕಿಯೂ ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಪಟಪಟ ಕೇಳಿಸಿದರೆ ಎಲ್ಲಕ್ಕಿಂತ ಮೊದಲು ಆ ಸನ್ನೆಯನ್ನು ನೋಡಿ.