ಚಳಿಗಾಲದ ಸೈಕಲ್ ಗ್ಲೌಸ್: ದಪ್ಪ ನೋಡಿ ಕೊಳ್ಳಬೇಡಿ, ಹ್ಯಾಂಡಲ್ ಹಿಡಿದು ಕೊಳ್ಳಿ

ಚಳಿಗಾಲಕ್ಕೆಂದು ಸೈಕಲ್ ಗ್ಲೌಸ್ ಕೊಳ್ಳಲು ಬಂದವರನ್ನು ಅಂಗಡಿಯಲ್ಲಿ ಸ್ವಲ್ಪ ಹೊತ್ತು ಗಮನಿಸಿ. ತೂಗುಹಾಕಿದ್ದರಲ್ಲಿ ಎಲ್ಲಕ್ಕಿಂತ ದಪ್ಪಗಿರುವ ಜೊತೆಗೇ ಮೊದಲು ಕೈ ಹಾಕುತ್ತಾರೆ. ತೊಟ್ಟುಕೊಂಡು ಐದೂ ಬೆರಳು ನೇರಕ್ಕೆ ಚಾಚುತ್ತಾರೆ. ಅಂಗೈಯನ್ನು ಆಕಡೆ ಈಕಡೆ ತಿರುಗಿಸಿ ನೋಡಿ, ‘ಸರಿಯಾಗಿ ಕೂತಿದೆ’ ಎಂದು ದುಡ್ಡು ಕೊಟ್ಟು ಹೊರಡುತ್ತಾರೆ. ಮೊದಲ ಚಳಿಗೇ ಬೆರಳು ಮರಗಟ್ಟುತ್ತದೆ. ಇನ್ನೂ ದಪ್ಪದ್ದು ಬೇಕು ಎಂದು ಮತ್ತೆ ಅದೇ ಅಂಗಡಿಗೆ ಬರುತ್ತಾರೆ. ಆದರೆ ಸೈಕಲ್ ಮೇಲೆ ಯಾರೂ ಬೆರಳು ಚಾಚಿಕೊಂಡು ಕೂರುವುದಿಲ್ಲ, ಅಲ್ವಾ? ಬೆರಳು ಮಡಚಿದಾಗ ಗ್ಲೌಸ್ ಒಳಗೆ ಏನಾಗುತ್ತದೆ ಎಂಬುದನ್ನು ನೋಡದೆ ಕೊಂಡರೆ ಎಷ್ಟು ದಪ್ಪದ್ದಾದರೂ ದುಡ್ಡು ದಂಡ.

ಒಂದು ವಿಷಯ ಮೊದಲೇ ತಿಳಿದಿರಲಿ. ಗ್ಲೌಸ್ ಬಿಸಿ ಹುಟ್ಟಿಸುವುದಿಲ್ಲ. ನಿಮ್ಮ ರಕ್ತ ಬೆರಳಿಗೆ ತಂದ ಬಿಸಿಯನ್ನು ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ತಡೆಯುವ ಕೆಲಸ ಮಾಡುವುದು ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಹೊರಗಿನ ಗಾಳಿ ಒಳಗೆ ನುಗ್ಗಿದರೆ ಆ ಗಾಳಿ ಹೋಯಿತು. ಬಟ್ಟೆ ಅಮುಕಿ ಚಪ್ಪಟೆಯಾದರೂ ಹೋಯಿತು. ಒದ್ದೆಯಾದರೂ ಹೋಯಿತು.

ಹಂತ 1: ಎಷ್ಟು ಚಳಿಗೆ ಎಂದು ತೀರ್ಮಾನಿಸಿ

ಥರ್ಮಾಮೀಟರ್ ತೋರಿಸುವ ಚಳಿ ಬೇರೆ, ಸೈಕಲ್ ಸವಾರನ ಕೈಗೆ ತಾಗುವ ಚಳಿ ಬೇರೆ. ಗಾಳಿ ಬೀಸದಿದ್ದರೂ ನೀವೇ ಗಾಳಿಗೆ ಎದುರಾಗಿ ಹೋಗುತ್ತಿರುತ್ತೀರಿ. 2001ರಲ್ಲಿ ಅಮೆರಿಕ ಮತ್ತು ಕೆನಡಾ ಜಾರಿಗೆ ತಂದ ಲೆಕ್ಕದ ಪ್ರಕಾರ, ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 25 ಕಿಲೋಮೀಟರ್ ಗಾಳಿ ತಾಗಿದರೆ ಬರಿ ಚರ್ಮಕ್ಕೆ ಮೈನಸ್ 6ರಷ್ಟು ಚಳಿ ಅನ್ನಿಸುತ್ತದೆ. 10 ಡಿಗ್ರಿ ಇದ್ದದ್ದು 7ರಂತೆ ಅನ್ನಿಸುತ್ತದೆ. ನಡೆದು ಹೋಗುವವರಿಗೆ ಸಾಕಾಗುವ ಉಣ್ಣೆಯ ಗ್ಲೌಸ್ ಸೈಕಲ್ ಮೇಲೆ ಕೈಕೊಡುವುದು ಇದಕ್ಕೇ. ಹೆಣಿಗೆಯ ಸಂದಿನಲ್ಲಿ ಗಾಳಿ ಸಲೀಸಾಗಿ ತೂರಿಕೊಳ್ಳುತ್ತದೆ.

ಚೀಟಿಯ ಮೇಲೆ ‘ಮೈನಸ್ 10ರವರೆಗೆ’ ಎಂದು ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ ತಯಾರಕರ ಅಂದಾಜು. ಅದಕ್ಕೆ 5 ಡಿಗ್ರಿ ಕೂಡಿಸಿ, ಅಂದರೆ ಮೈನಸ್ 5ರವರೆಗೆ ಎಂದೇ ಲೆಕ್ಕ ಹಾಕಿ. ಬೇಗ ಕೈ ತಣ್ಣಗಾಗುವವರು ಇನ್ನೂ ಸ್ವಲ್ಪ ಕೂಡಿಸಬೇಕು.

ಹಂತ 2: ಬಗೆ ಆರಿಸಿ

10 ಡಿಗ್ರಿಗಿಂತ ಮೇಲಿದ್ದರೆ ಗಾಳಿ ತಡೆಯುವ ತೆಳು ಗ್ಲೌಸ್ ಸಾಕು. 10ರಿಂದ 3ರವರೆಗೆ ಒಳಗೆ ಫ್ಲೀಸ್ ಅಥವಾ ತೆಳು ತುಂಬು (ಬಿಸಿ ಹಿಡಿದಿಡಲು ಪದರಗಳ ನಡುವೆ ತುಂಬಿದ ವಸ್ತು) ಇರುವ ಐದು ಬೆರಳಿನದು. ಅದಕ್ಕಿಂತ ಕೆಳಗೆ ಇಳಿದರೆ ನನ್ನ ಓಟು ಲಾಬ್‌ಸ್ಟರ್ ಗ್ಲೌಸಿಗೆ. ಅದರಲ್ಲಿ ತೋರುಬೆರಳು-ಮಧ್ಯದ ಬೆರಳು ಒಂದು ಗೂಡಿನಲ್ಲಿ, ಉಂಗುರದ ಬೆರಳು-ಕಿರುಬೆರಳು ಇನ್ನೊಂದರಲ್ಲಿ ಇರುತ್ತವೆ. ಜೋಡಿ ಬೆರಳು ಒಂದಕ್ಕೊಂದು ಬಿಸಿ ಕೊಡುತ್ತವೆ, ಬ್ರೇಕೂ ಕೈಗೆ ಸಿಗುತ್ತದೆ. ನೋಡಲು ವಿಚಿತ್ರವಾಗಿದೆ ಎಂದು ಜನ ಬೇಡ ಅನ್ನುತ್ತಾರೆ. ಬೆರಳು ಬೇಕೋ, ಚೆಂದ ಬೇಕೋ ನೀವೇ ನೋಡಿಕೊಳ್ಳಿ. ಇನ್ನೂ ಕೊರೆಯುವ ಚಳಿಗೆ ಹ್ಯಾಂಡಲ್ಲಿಗೇ ಸಿಕ್ಕಿಸುವ ದೊಡ್ಡ ಚೀಲದಂಥ ಕವರ್ ಬರುತ್ತದೆ, ಬಾರ್ ಮಿಟ್ಸ್ ಎನ್ನುತ್ತಾರೆ. ಒಳಗೆ ತೆಳು ಗ್ಲೌಸ್ ಹಾಕಿದರೆ ಸಾಕು, ಬೆರಳಿಗೆ ಪೂರ್ತಿ ಸ್ವಾತಂತ್ರ್ಯ.

ತುಂಬಿನ ಬಗ್ಗೆ ಎರಡು ಮಾತು. ಥಿನ್ಸುಲೇಟ್, ಪ್ರೈಮಾಲಾಫ್ಟ್ ಥರದ ಹೆಸರಿನ ಪಕ್ಕ 40, 100 ಎಂದು ಅಂಕಿ ಇದ್ದರೆ ಅದು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತುಂಬು ಎಂಬ ಲೆಕ್ಕ. ಅಂಕಿ ಜಾಸ್ತಿಯಾದಷ್ಟೂ ಬಿಸಿಯೂ ಜಾಸ್ತಿ, ಬೆರಳಿನ ಮೊದ್ದುತನವೂ ಜಾಸ್ತಿ. ಸೈಕಲ್ಲಿಗೆ 100 ದಾಟುವುದು ಬೇಡ. ಹಕ್ಕಿಗರಿಯ ತುಂಬು ಇರುವುದನ್ನು ಮುಟ್ಟಲೇಬೇಡಿ. ಬೆವರಿಗೆ ಒದ್ದೆಯಾಗಿ ಮುದ್ದೆ ಕಟ್ಟಿದರೆ ಅದರಿಂದ ಕೆಲಸವಿಲ್ಲ.

ಹಂತ 3: ಅಳತೆ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸಾವಕಾಶವಾಗಿ ಓದಿ.

ಟೇಪನ್ನು ಗೆಣ್ಣುಗಳ ಸ್ವಲ್ಪ ಕೆಳಗೆ, ಹೆಬ್ಬೆರಳು ಬಿಟ್ಟು, ಅಂಗೈ ಸುತ್ತ ತನ್ನಿ. ಬಿಗಿ ಹಿಡಿಯಬೇಡಿ. ನೀವು ಬರೆಯುವ ಕೈಯನ್ನೇ ಅಳೆಯಿರಿ, ಸಾಮಾನ್ಯವಾಗಿ ಅದೇ ಒಂಚೂರು ದೊಡ್ಡದು. ಆಮೇಲೆ ಮಧ್ಯದ ಬೆರಳಿನ ಉದ್ದ ಅಳೆಯಿರಿ, ಬುಡದ ಗೆರೆಯಿಂದ ತುದಿಯವರೆಗೆ. ಈ ಎರಡು ಅಂಕಿ ಇಟ್ಟುಕೊಂಡು ಆಯಾ ಕಂಪನಿಯದೇ ಅಳತೆಪಟ್ಟಿ ನೋಡಿ. ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್ ಆಗಿರುತ್ತದೆ. ಎರಡು ಸೈಜ್‌ಗಳ ನಡುವೆ ಬಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಬೇಸಿಗೆಯ ಗ್ಲೌಸಿಗೆ ಈ ಮಾತು ಹೊಂದದು, ಚಳಿಗಾಲದ್ದಕ್ಕೆ ಹೊಂದುತ್ತದೆ.

ಈಗ ತೊಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತಿರುವ ಯಾವುದಾದರೂ ಸೈಕಲ್ಲಿನ ಹ್ಯಾಂಡಲ್ ಹಿಡಿಯಿರಿ. ಬೆರಳು ಮಡಚಿದ ತಕ್ಷಣ ಕೈಯ ಹಿಂಬದಿಯ ಬಟ್ಟೆ ಗೆಣ್ಣುಗಳ ಮೇಲೆ ಬಗ್ಗಿ ಸುತ್ತಿಬರಬೇಕು. ಅಷ್ಟು ಬಟ್ಟೆ ಇಲ್ಲದಿದ್ದರೆ ಅದು ಹಿಂದಕ್ಕೆ ಜಗ್ಗಿ, ಬೆರಳ ತುದಿ ಗ್ಲೌಸಿನ ತುದಿಗೆ ಒತ್ತಿಕೊಳ್ಳುತ್ತದೆ. ಅಲ್ಲಿ ತುಂಬು ಕಾಗದದಷ್ಟು ತೆಳ್ಳಗಾಗುತ್ತದೆ. ಚಳಿ ಮೊದಲು ಹಿಡಿಯುವುದು ಆ ತುದಿಗೇ. ಹ್ಯಾಂಡಲ್ ಹಿಡಿದಿರುವಾಗಲೇ ಇನ್ನೊಂದು ಕೈಯಿಂದ ಪ್ರತಿ ಬೆರಳಿನ ತುದಿ ಚಿವುಟಿ ನೋಡಿ. ಉಗುರಿನ ಮುಂದೆ ಮೂರ್ನಾಲ್ಕು ಮಿಲಿಮೀಟರ್ ಖಾಲಿ ಸಿಗಬೇಕು. ಉಗುರೇ ಕೈಗೆ ಸಿಕ್ಕಿದರೆ ಆ ಸೈಜ್ ನಿಮ್ಮದಲ್ಲ. ಕೆಲವು ಗ್ಲೌಸ್‌ಗಳನ್ನು ಬೆರಳು ಬಾಗಿದ ಆಕಾರದಲ್ಲೇ ಹೊಲಿದಿರುತ್ತಾರೆ. ಮೇಜಿನ ಮೇಲಿಟ್ಟರೆ ಚಪ್ಪಟೆ ಮಲಗದೆ ಅರ್ಧ ಮುಷ್ಟಿಯಂತೆ ನಿಲ್ಲುತ್ತವೆ. ಇಂಥದ್ದು ಸಿಕ್ಕರೆ ಬಿಡಬೇಡಿ.

ಬೆರಳ ಸಂದು ನೋಡಿ. ಗ್ಲೌಸಿನ ಸಂದು ನಿಮ್ಮ ಬೆರಳಿನ ಸಂದಿಗೆ ಮುಟ್ಟದೆ ತೂಗಾಡುತ್ತಿದ್ದರೆ ಬೆರಳಿನ ಭಾಗ ನಿಮಗೆ ಗಿಡ್ಡ ಅಥವಾ ಬಿಗಿ. ಹೆಬ್ಬೆರಳನ್ನು ಯಾರೂ ಪರೀಕ್ಷಿಸುವುದಿಲ್ಲ. ಅದು ಹ್ಯಾಂಡಲ್ಲಿನ ಕೆಳಗಿಂದ ಸುತ್ತಿಬರುವಾಗ ಬುಡದ ಹೊಲಿಗೆ ಕತ್ತರಿಸಿದಂತೆ ಒತ್ತುತ್ತದೆಯೇ ಎಂದು ನೋಡಿ. ಗೇರ್ ಹೆಬ್ಬೆರಳಿನಲ್ಲಿದ್ದರೆ ಇದೊಂದು ಹೊಲಿಗೆಯೇ ಇಡೀ ಸವಾರಿಯ ಸುಖ ಕಿತ್ತುಕೊಳ್ಳಬಲ್ಲದು.

ಮಣಿಕಟ್ಟಿನ ಪಟ್ಟಿ ಹಾಕಿ, ಹಿಡಿತ ಬಿಡದೆ ಎರಡು ನಿಮಿಷ ಸುಮ್ನೆ ನಿಲ್ಲಿ. ಅಂಗಡಿಯವರು ನೋಡಿದರೆ ನೋಡಲಿ. ಬೆರಳಲ್ಲಿ ಜುಮುಜುಮು ಶುರುವಾದರೆ ರಕ್ತಕ್ಕೆ ದಾರಿ ಸಾಲುತ್ತಿಲ್ಲ ಎಂದರ್ಥ. ಮೈ ತಣ್ಣಗಾದಾಗ ದೇಹ ಹೃದಯ, ಮಿದುಳನ್ನು ಕಾಪಾಡಲು ಬೆರಳಿಗೆ ಹೋಗುವ ರಕ್ತವನ್ನೇ ಮೊದಲು ಕಡಿಮೆ ಮಾಡುತ್ತದೆ. ಬರುವುದೇ ಕಡಿಮೆ, ಅದಕ್ಕೆ ಗ್ಲೌಸೂ ಅಡ್ಡಗಾಲು ಹಾಕಿದರೆ ಬೆರಳು ಬಿಸಿಯಾಗುವುದು ಎಲ್ಲಿಂದ?

ಹಾಗಂತ ದೊಗಳೆಯಾಗಿಯೂ ಇರಬಾರದು. ಮುಷ್ಟಿ ಕಟ್ಟಿದಾಗ ಅಂಗೈಯಲ್ಲಿ ಬಟ್ಟೆ ಮಡಿಕೆ ಬಿದ್ದು ಗುಡ್ಡೆಯಾದರೆ ಅರ್ಧ ಗಂಟೆಯಲ್ಲಿ ಅಲ್ಲಿ ಉರಿ ಏಳುತ್ತದೆ, ಹಿಡಿತವೂ ಜಾರುತ್ತದೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ‘ಇರುವ ಗ್ಲೌಸ್ ಒಳಗೆ ಇನ್ನೊಂದು ತೆಳು ಜೊತೆ ಹಾಕಿಕೊಳ್ಳಿ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಹೊರಗಿನದರಲ್ಲಿ ಜಾಗ ಇದ್ದರೆ ಮಾತ್ರ ಅದು ಒಳ್ಳೆಯ ಸಲಹೆ. ಸರಿಯಾಗಿ ಕೂತಿರುವ ಗ್ಲೌಸಿಗೆ ಇನ್ನೊಂದನ್ನು ತುರುಕುವುದು ಮೂರು ಜನರ ಬೆಂಚಿನಲ್ಲಿ ಆರು ಜನ ಕೂತ ಹಾಗೆ. ನಿಂತ ಗಾಳಿಗೆ ಜಾಗವೇ ಉಳಿಯದೆ ಮೊದಲಿಗಿಂತ ಜಾಸ್ತಿ ಚಳಿ ಹಿಡಿಯುತ್ತದೆ. ಎರಡು ಪದರ ಹಾಕುವ ಯೋಚನೆ ಇದ್ದರೆ ಒಳಗಿನದನ್ನು ಜೇಬಲ್ಲಿ ತಂದು, ತೊಟ್ಟುಕೊಂಡೇ ಹೊರಗಿನದನ್ನು ಪರೀಕ್ಷಿಸಿ.

ಹಂತ 4: ಬ್ರೇಕ್ ಹಿಡಿದು ನೋಡಿ

ಒಂದು ಅಥವಾ ಎರಡು ಬೆರಳಲ್ಲಿ ಲಿವರ್ ಎಳೆಯಿರಿ. ಗೇರ್ ಬದಲಿಸಿ. ಬೆಲ್ ಹೊಡೆಯಿರಿ. ಜಾಕೆಟ್ಟಿನ ಜಿಪ್ ಎಳೆಯಿರಿ. ಇದರಲ್ಲಿ ಯಾವುದಾದರೂ ಒಂದಕ್ಕೆ ಎರಡನೇ ಸಲ ಪ್ರಯತ್ನಿಸಬೇಕಾಗಿ ಬಂದರೆ ಆ ಗ್ಲೌಸ್ ವಾಪಸ್ ಇಡಿ. ಅಂಗಡಿಯಲ್ಲಿ ಎರಡನೇ ಸಲ ಸಿಗುವ ಬ್ರೇಕ್ ರಸ್ತೆಯಲ್ಲಿ ತಡವಾಗಿ ಸಿಗುತ್ತದೆ. ಸ್ಕೀ ಗ್ಲೌಸ್ ಹಾಕಿಕೊಂಡು ಸೈಕಲ್ ಏರುವವರು ಎಡವುವುದು ಇಲ್ಲೇ. ಬಿಸಿಗೇನೋ ಮೋಸವಿಲ್ಲ, ಆದರೆ ಅಂಗೈ ಕಡೆಯೂ ದಪ್ಪ ಇರುವುದರಿಂದ ಹ್ಯಾಂಡಲ್ ಕೈಗೆ ತಿಳಿಯುವುದಿಲ್ಲ. ಗಾಳಿ ಹೊಡೆಯುವುದು ಕೈಯ ಹಿಂಬದಿಗೆ. ತುಂಬು ಅಲ್ಲಿರಲಿ, ಅಂಗೈ ತೆಳ್ಳಗಿರಲಿ. ಅಂಗೈಯಲ್ಲಿ ಉಬ್ಬುಬ್ಬಾದ ಜೆಲ್ ಮೆತ್ತೆ ನನಗಂತೂ ಬೇಡ.

ಲಿವರ್ ದೂರ ಅನ್ನಿಸಿದರೆ ಗ್ಲೌಸನ್ನು ದೂರುವ ಮೊದಲು ಲಿವರಿನ ಮೇಲಿನ ಸಣ್ಣ ಸ್ಕ್ರೂ ನೋಡಿ. ಬಹಳಷ್ಟು ಬ್ರೇಕ್‌ಗಳಲ್ಲಿ ಅದನ್ನು ತಿರುಗಿಸಿ ಲಿವರ್ ಹತ್ತಿರ ತರಬಹುದು. ಅಲ್ಯೂಮಿನಿಯಂ ಲಿವರ್ ಬೆರಳಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಬೆರಳು ಕೂರುವ ಜಾಗಕ್ಕೆ ಹ್ಯಾಂಡಲ್ ಟೇಪಿನ ತುಂಡು ಸುತ್ತಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹಂತ 5: ನೀರು

ವಾಟರ್‌ಪ್ರೂಫ್ ಎಂದು ಬರೆದಿರುವುದೆಲ್ಲ ಒಳ್ಳೆಯದು ಎಂಬ ಭ್ರಮೆ ಬೇಡ. ಮಳೆ, ಹಸಿ ಹಿಮ ಇಲ್ಲದ ಒಣ ಚಳಿಗೆ ಗಾಳಿ ತಡೆದು ಬೆವರು ಬಿಡುವ ಗ್ಲೌಸೇ ವಾಸಿ. ಗೋರ್-ಟೆಕ್ಸ್ ಥರದ ನೀರು ತಡೆಯುವ ಪೊರೆ ಬಹಳಷ್ಟು ಸಲ ಹೊರಬಟ್ಟೆ ಮತ್ತು ಒಳಬಟ್ಟೆಯ ನಡುವೆ ಚೀಲದಂತೆ ಕೂತಿರುತ್ತದೆ. ಜೋರು ಮಳೆಯಲ್ಲಿ ಕೈ ಒದ್ದೆಯಾಗುವುದಿಲ್ಲ, ನಿಜ. ಆದರೆ ಹೊರಬಟ್ಟೆ ನೀರು ಕುಡಿದು ತಣ್ಣಗೆ ಭಾರವಾಗುತ್ತದೆ.

ಇಂಥ ಗ್ಲೌಸ್ ಕೊಳ್ಳುವುದಾದರೆ ಒಳಬಟ್ಟೆ ಗಟ್ಟಿಯಾಗಿದೆಯೇ ಎಂದು ನೋಡಲೇಬೇಕು. ತೊಟ್ಟುಕೊಂಡು, ಇನ್ನೊಂದು ಕೈಯಿಂದ ಬೆರಳ ತುದಿ ಹಿಡಿದು, ಕೈಯನ್ನು ಸರ್ರನೆ ಹೊರಗೆಳೆಯಿರಿ. ಒಳಬಟ್ಟೆ ಕೈಜೊತೆ ಈಚೆ ಬಂದರೆ ಅದನ್ನು ಅಲ್ಲೇ ಬಿಡಿ. ಬೆವೆತ ಕೈಯಲ್ಲಿ ಅದು ಪ್ರತಿ ಸಲ ಹೊರಬರುತ್ತದೆ, ನಡುರಸ್ತೆಯಲ್ಲಿ ಪೆನ್ನು ತೂರಿಸಿ ಕಿರುಬೆರಳಿನ ಗೂಡು ಹುಡುಕುತ್ತ ನಿಲ್ಲಬೇಕಾಗುತ್ತದೆ. ಜಾಸ್ತಿ ಬೆಲೆಯ ಗ್ಲೌಸ್‌ಗಳಲ್ಲೂ ಈ ದೋಷ ನೋಡಿದ್ದೇನೆ.

ಸುರಿಯುವ ಮಳೆಯಲ್ಲೇ ಓಡಾಡುವವರಿಗೆ ನಿಯೋಪ್ರೀನ್ ಎಂಬ ಸ್ಪಂಜಿನಂಥ ರಬ್ಬರಿನ ಗ್ಲೌಸ್ ಚೆನ್ನ. ಒದ್ದೆಯಾದರೂ ಬಿಸಿ ಬಿಡುವುದಿಲ್ಲ. ವಾಸನೆ ಮಾತ್ರ ಬೇಗ ಬರುತ್ತದೆ.

ಸೈಕಲ್ ಮೇಲೆ ತೋಳು ಕೆಳಕ್ಕೆ ಇಳಿದಿರುತ್ತದೆ, ನೀರು ಅದೇ ದಾರಿಯಲ್ಲಿ ಮಣಿಕಟ್ಟಿಗೆ ಬರುತ್ತದೆ. ಆದ್ದರಿಂದ ಮಳೆಯಲ್ಲಿ ಜಾಕೆಟ್ಟಿನ ತೋಳು ಗ್ಲೌಸಿನ ಮೇಲೆ ಬರಲಿ. ಒಣ ಚಳಿಯಲ್ಲಿ ಗ್ಲೌಸ್ ತೋಳಿನ ಮೇಲೆ ಬರಲಿ. ಎರಡಕ್ಕೂ ಪಟ್ಟಿ ಉದ್ದ ಇರಬೇಕು. ಮಣಿಕಟ್ಟು ಒಂದಿಂಚು ಬರಿದಾಗಿದ್ದರೂ ಬೆರಳಿಗೆ ಹೋಗುವ ರಕ್ತ ಅಲ್ಲೇ ತಣ್ಣಗಾಗುತ್ತದೆ.

ಹಂತ 6: ಉಳಿದದ್ದು

ಹೆಬ್ಬೆರಳ ಮೇಲೆ ಮೂಗು ಒರೆಸಲು ಮೆತ್ತನೆ ಬಟ್ಟೆ ಬೇಕೇಬೇಕು. ಕತ್ತಲಲ್ಲಿ ಹೊಳೆಯುವ ಪಟ್ಟಿ ಇದ್ದರೆ ಒಳ್ಳೆಯದು. ಫೋನ್ ಮುಟ್ಟಲು ಬೆರಳ ತುದಿಗೆ ಹಾಕಿದ ವಿಶೇಷ ಬಟ್ಟೆಗೆಂದು ಒಂದು ಕಾಸೂ ಜಾಸ್ತಿ ಕೊಡಬೇಡಿ. ಫೋನ್ ನೋಡಬೇಕಾದರೆ ಸೈಕಲ್ ನಿಲ್ಲಿಸಿ, ಗ್ಲೌಸ್ ಬಿಚ್ಚಿ.

ಅಡ್ಡದಾರಿಗಳು

ಕಾರ್ಖಾನೆ, ಶೀತಲಗೃಹದ ಕೆಲಸಗಾರರ ಗ್ಲೌಸ್ ಮೇಲೆ ಹಿಮದ ಹರಳಿನ ಚಿತ್ರ, ಇಎನ್ 511 ಎಂಬ ಯುರೋಪಿನ ಮಾನದಂಡದ ಗುರುತು, ಮೂರು ಅಂಕಿ ಇರುತ್ತವೆ. ಮೊದಲನೆಯದು ಗಾಳಿಯ ಚಳಿಗೆ, ಎರಡನೆಯದು ತಣ್ಣನೆ ವಸ್ತು ಮುಟ್ಟಿದಾಗಿನ ಚಳಿಗೆ. ಎರಡೂ 4ರವರೆಗೆ ಹೋಗುತ್ತವೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೂರನೆಯದು 1 ಇದ್ದರೆ ನೀರಿನ ಪರೀಕ್ಷೆ ಪಾಸಾಗಿದೆ. ಬ್ರೇಕ್ ಪರೀಕ್ಷೆಯಲ್ಲೂ ಗೆದ್ದರೆ ಇದು ಒಳ್ಳೆಯ ಅಡ್ಡದಾರಿ.

ತೆಳು ರಬ್ಬರ್ ಗ್ಲೌಸನ್ನು ಒಳಗೆ ಹಾಕುವುದೂ ಕೆಲಸ ಮಾಡುತ್ತದೆ, ಬೆವರು ತುಂಬಿಗೆ ಇಳಿಯುವುದಿಲ್ಲ. ಆದರೆ ಬಿಚ್ಚಿದ ಮರುಕ್ಷಣ ಒದ್ದೆ ಕೈ ಗಾಳಿಗೆ ಕೊರೆಯುತ್ತದೆ. ಹಾಗಾಗಿ ಹತ್ತಿರದ ದಾರಿಗೆ ಮಾತ್ರ.

ಕೈ ಬಿಸಿಮಾಡುವ ಪುಟ್ಟ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಅದು ಗಾಳಿ ತಾಗಿ ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ಗ್ಲೌಸಿನಲ್ಲಿ ಗಾಳಿಯಾಡದಿದ್ದರೆ ಅದೂ ಮಂಕಾಗುತ್ತದೆ. ಅಂಗೈಗೆ ಇಡಬೇಡಿ, ಕೈಯ ಹಿಂಬದಿಗೆ ಇಡಿ, ಬರಿ ಚರ್ಮಕ್ಕೆ ತಾಗದಿರಲಿ. ಬ್ಯಾಟರಿ ಗ್ಲೌಸ್ ನಿಜಕ್ಕೂ ಬಿಸಿ ಕೊಡುತ್ತದೆ, ಆದರೆ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಅದು ಸತ್ತ ಮೇಲೂ ಗ್ಲೌಸ್ ಮನೆ ಮುಟ್ಟಿಸುವಷ್ಟು ಬೆಚ್ಚಗಿದೆಯೇ ಎಂದು ನೋಡಿ ಕೊಳ್ಳಿ.

ಹಂತ 7: ತೊಡುವುದು, ತೊಳೆಯುವುದು

ಬಾಗಿಲಾಚೆ ಬಂದು, ಬೀಗ ಹಾಕಿ, ಸೈಕಲ್ಲಿನ ಬೀಗ ತೆಗೆದು, ಕೈ ಮಂಜುಗಡ್ಡೆಯಾದ ಮೇಲೆ ಗ್ಲೌಸ್ ಹಾಕಿದರೆ ಅದು ಹಿಡಿದಿಡುವುದು ಆ ತಂಪನ್ನೇ. ಮನೆಯೊಳಗೇ, ಕೈ ಬೆಚ್ಚಗಿರುವಾಗಲೇ ತೊಡಿ. ಕತ್ತು, ಎದೆ ಬೆಚ್ಚಗಿರಲಿ. ಮೈ ನಡುಗುತ್ತಿದ್ದರೆ ಯಾವ ಗ್ಲೌಸೂ ಬೆರಳನ್ನು ಉಳಿಸದು. ಬಾಯಿಂದ ಗ್ಲೌಸೊಳಗೆ ಉಸಿರು ಊದಬೇಡಿ, ತೇವ ಸೇರುತ್ತದೆ. ಬದಲಿಗೆ ಇಳಿದು ನಿಂತು ತೋಳನ್ನು ಚಕ್ರದಂತೆ ಬೀಸಿ, ರಕ್ತ ತುದಿಗೆ ಓಡುತ್ತದೆ. ಒಂದು ಗಂಟೆಗಿಂತ ಜಾಸ್ತಿ ಹೊತ್ತಿನ ಸವಾರಿಗೆ ಇನ್ನೊಂದು ಒಣ ಜೊತೆ ಜೇಬಿನಲ್ಲಿರಲಿ.

ಬೆರಳು ಬಿಳುಚಿ ಸ್ಪರ್ಶವೇ ತಿಳಿಯದಂತಾದರೆ ಸವಾರಿ ನಿಲ್ಲಿಸಿ. ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ತಿಕ್ಕುವುದು, ಸುಡುನೀರಿಗೆ ಅದ್ದುವುದು ಬೇಡ. ಸಣ್ಣ ಚಳಿಗೂ ಬೆರಳು ಪದೇ ಪದೇ ಬಿಳಿ, ನೀಲಿಯಾಗುತ್ತಿದ್ದರೆ ಅದು ರೇನೋ ಎಂಬ ತೊಂದರೆ ಇರಬಹುದು. ಗ್ಲೌಸ್ ಅಂಗಡಿಗಲ್ಲ, ವೈದ್ಯರ ಹತ್ತಿರ ಹೋಗಿ.

ತೊಳೆಯುವಾಗ ಬಟ್ಟೆ ಮೆದುಮಾಡುವ ದ್ರವ ಹಾಕಬೇಡಿ, ಬೆವರು ಬಿಡುವ ಪೊರೆಗೆ ಅದು ಆಗದು. ಹೀಟರ್ ಮೇಲೂ ಒಣಹಾಕಬೇಡಿ. ಒಳಗೆ ಹಳೆ ಪತ್ರಿಕೆ ತುರುಕಿ ನೆರಳಲ್ಲಿಡಿ, ಕಾಗದ ಒದ್ದೆಯಾದ ಹಾಗೆ ಬದಲಿಸುತ್ತಿರಿ. ಅಂಗೈ ಚರ್ಮದ್ದಾದರೆ ಒಣಗಿದಾಗ ಗಡುಸಾಗಿರುತ್ತದೆ. ತೊಟ್ಟುಕೊಂಡು ನಾಲ್ಕಾರು ಸಲ ಮುಷ್ಟಿ ಕಟ್ಟಿ ಬಿಚ್ಚಿದರೆ ಮತ್ತೆ ಮೆತ್ತಗಾಗುತ್ತದೆ.