ಪಿಡಿಎಫ್ ಕೆಲಸಕ್ಕೆ ನನಗೆ ಬ್ರೌಸರೇ ಸಾಕಾಗಿದೆ

ಚಿಂತಾಮಣಿಯಲ್ಲಿ ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ಪಹಣಿ, ಆಧಾರ್, ಹಾಲ್ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಏನೇ ಕೇಳಿಕೊಂಡು ಬಂದರೂ ಕೊನೆಗೆ ಅದು ಪಿಡಿಎಫ್ಫೇ. ಯಾವ ಸಾಫ್ಟ್‌ವೇರ್ ಹಾಕಿದ್ದೀರಿ ಅಂತ ಕೆಲವರು ಕೇಳುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಅಷ್ಟೇ.

ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ, ಪ್ರತಿ ಫೈಲ್ ಎಲ್ಲಿ ಉಳಿಸಬೇಕು ಅಂತ ಕೇಳುವ ಆಯ್ಕೆಯನ್ನು ಆನ್ ಮಾಡಿಟ್ಟಿದ್ದೇನೆ. ಉಳಿಸುವಾಗಲೇ ಊರು, ಸರ್ವೆ ನಂಬರ್ ಹಾಕಿ ಹೆಸರು ಬದಲಿಸುತ್ತೇನೆ. ಇಲ್ಲದಿದ್ದರೆ ಡೌನ್‌ಲೋಡ್ಸ್ ಫೋಲ್ಡರ್ ತುಂಬ ಒಂದೇ ಹೆಸರಿನ ಫೈಲ್‌ಗಳು, ಯಾವುದು ಯಾರದು ಅಂತ ಹುಡುಕೋದೇ ಕೆಲಸ.

ನಾನು ಅತಿ ಹೆಚ್ಚು ಬಳಸೋದು ಪ್ರಿಂಟ್ ಬಟನ್, ಅದೂ ಕಾಗದವಿಲ್ಲದೆ. ಸ್ಟೇಟ್‌ಮೆಂಟ್‌ನಲ್ಲಿ ಕೊನೆಯ ಮೂರು ತಿಂಗಳದ್ದು ಮಾತ್ರ ಬೇಕು ಅಂದರೆ, ಕ್ರೋಮ್‌ನಲ್ಲಿ ತೆರೆದು, ಕಂಟ್ರೋಲ್ ಪಿ ಒತ್ತಿ, ಪ್ರಿಂಟರ್ ಜಾಗದಲ್ಲಿ ಸೇವ್ ಆ್ಯಸ್ ಪಿಡಿಎಫ್ ಆರಿಸಿ, ಬೇಕಾದ ಪುಟಗಳ ನಂಬರ್ ಕೊಟ್ಟರೆ ಅಷ್ಟೇ ಪುಟಗಳ ಹೊಸ ಫೈಲ್ ಬರುತ್ತದೆ. ಪಾಸ್‌ವರ್ಡ್ ಇರುವ ಫೈಲ್‌ಗೂ ಇದೇ ದಾರಿ. ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜೊತೆಗೆ ಹುಟ್ಟಿದ ಇಸವಿ ಹಾಕಿದರೆ ತೆರೆಯುತ್ತದೆ. ಹೀಗೆ ತೆರೆದು ಮತ್ತೆ ಉಳಿಸಿದ ಪ್ರತಿಗೆ ಪಾಸ್‌ವರ್ಡ್ ಇರುವುದಿಲ್ಲ, ಆದರೆ ಫೈಲ್ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿಯೂ ಹೋಗಿರುತ್ತದೆ. ಅದಕ್ಕೇ ಮೂಲ ಫೈಲ್ ಅಳಿಸಬೇಡಿ ಅಂತ ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ.

ಸಹಿಯ ವಿಷಯ ಬಂತು, ಅಲ್ವಾ? ಆಧಾರ್ ಮೇಲಿನ ಪ್ರಶ್ನೆ ಚಿಹ್ನೆ ನೋಡಿ “ಅಣ್ಣಾ, ಇದು ಡುಪ್ಲಿಕೇಟಾ?” ಅಂತ ಗಾಬರಿಯಾಗುವವರು ಬಹಳ. ಡುಪ್ಲಿಕೇಟ್ ಅಂತಲ್ಲ, ಕ್ರೋಮ್ ಆ ಸಹಿಯನ್ನು ಪರಿಶೀಲಿಸುವುದೇ ಇಲ್ಲ. ಹಸಿರು ಟಿಕ್ ಬೇಕೇ ಬೇಕು ಅಂದರೆ ಅಡೋಬಿ ರೀಡರ್‌ನಲ್ಲಿ ಸಹಿಯನ್ನು ವ್ಯಾಲಿಡೇಟ್ ಮಾಡಬೇಕು. ನಾನು ಬ್ರೌಸರ್ ಬಿಟ್ಟು ಹೊರಗೆ ಹೋಗೋದು ಅದೊಂದಕ್ಕೆ.

ಅರ್ಜಿ ತುಂಬೋದಕ್ಕೆ ಫೈರ್‌ಫಾಕ್ಸ್ ನನಗೆ ಇಷ್ಟ. 2022ರಲ್ಲಿ ಪಿಡಿಎಫ್ ಮೇಲೆ ಅಕ್ಷರ ಬರೆಯುವ, ಗೆರೆ ಎಳೆಯುವ ಸೌಲಭ್ಯ ಬಂತು. ಮರುವರ್ಷ ಚಿತ್ರ ಸೇರಿಸೋದೂ ಬಂತು. ಸಹಿಯ ಫೋಟೋ ಕೂರಿಸಿ ಉಳಿಸಿದರೆ ಮುಗಿಯಿತು.

ಕನ್ನಡ ಪಿಡಿಎಫ್‌ನಲ್ಲಿ ಹುಡುಕೋದು ಮಾತ್ರ ತಲೆನೋವು. ಪಟ್ಟಿಯಲ್ಲಿ ಊರಿನ ಹೆಸರು ಕಣ್ಣಿಗೆ ಕಾಣುತ್ತಿರುತ್ತದೆ, ಕಂಟ್ರೋಲ್ ಎಫ್ ಒತ್ತಿ ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಸಿಗುವುದಿಲ್ಲ. ಆಗ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡುತ್ತೇನೆ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಈಗ ಎಲ್ಲೆಡೆ ಬಳಸುವ ಯುನಿಕೋಡ್ ಅಕ್ಷರ ಅಲ್ಲ, ‘ನುಡಿ’ಯಂಥ ಹಳೆಯ ಕನ್ನಡ ಫಾಂಟ್‌ನಲ್ಲಿ ಮಾಡಿದ್ದು. ಸಾಲನ್ನು ಆರಿಸಲೂ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಮೊದಲನೆಯದಕ್ಕೆ ಒಂದು ಉಪಾಯ ಇದೆ: ಪಟ್ಟಿಯಲ್ಲೇ ಬೇರೆ ಕಡೆ ಇರುವ ಅದೇ ಊರಿನ ಹೆಸರನ್ನು ಕಾಪಿ ಮಾಡಿ, ಆ ಕಲಸುಮೇಲೋಗರವನ್ನೇ ಹುಡುಕುವ ಜಾಗಕ್ಕೆ ಅಂಟಿಸಿದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಸ್ಕ್ಯಾನ್ ಆದರೆ ಸುಮ್ನೆ ಪುಟ ತಿರುವಬೇಕು.

ಇನ್ನೊಂದು, ಇನ್‌ಕಾಗ್ನಿಟೋದಲ್ಲಿ, ಅಂದರೆ ಹಿಸ್ಟರಿ ಉಳಿಸದ ಕಿಟಕಿಯಲ್ಲಿ, ತೆರೆದರೂ ಡೌನ್‌ಲೋಡ್ ಆದ ಫೈಲ್ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ನನ್ನಂಥ ಅಂಗಡಿಗೆ ಬಂದಾಗ ಕೆಲಸ ಮುಗಿದ ಮೇಲೆ ಡಿಲೀಟ್ ಮಾಡಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿಸಿ. ಕೇಳೋಕೆ ಸಂಕೋಚ ಬೇಡ.