ವಿರಾಜಪೇಟೆಯಲ್ಲೇ ಸಿ. ಡಿಫಿಸಿಲ್ ಪತ್ತೆ: ನನ್ನ ಅನುಭವ

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ದೀರ್ಘಕಾಲದ ಉರಿಯೂತ ಇರುವವರಲ್ಲಿ ಭೇದಿ ಹೆಚ್ಚಿದಾಗ, ಸ್ಟೀರಾಯ್ಡ್ ಏರಿಸುವ ಮೊದಲು ಸಿ. ಡಿಫಿಸಿಲ್ (ಹೆಚ್ಚಾಗಿ ಆ್ಯಂಟಿಬಯೋಟಿಕ್ ಸೇವನೆಯ ನಂತರ ಭೇದಿ ತರುವ ಬ್ಯಾಕ್ಟೀರಿಯ) ಸೋಂಕಿದೆಯೇ ಎಂದು ನೋಡಲೇಬೇಕು. ಈ ಪರೀಕ್ಷೆ ನಮ್ಮ ಊರಿನ ಪ್ರಯೋಗಾಲಯಕ್ಕೆ ಹೊರೆ, ಮೈಸೂರಿಗೆ ಕಳುಹಿಸಿದರೆ ಸಾಕು ಎನ್ನುತ್ತಿದ್ದ ವೈದ್ಯರೇ ಈಗ ಮಾದರಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಿದ್ದಾರೆ.

ಮೈಸೂರಿಗೆ ಕಳುಹಿಸುವುದರಲ್ಲೇ ತೊಡಕಿತ್ತು. ತೋಟದ ಲೈನ್‌ಮನೆಯಲ್ಲಿ ಬೆಳಿಗ್ಗೆ ಸಂಗ್ರಹಿಸಿದ ಮಲ ಬಸ್ಸಿನಲ್ಲಿ ಪ್ರಯಾಣಿಸಿ ಮರುದಿನ ಪರೀಕ್ಷೆಗೆ ಬರುವಷ್ಟರಲ್ಲಿ, ತಂಪಿಲ್ಲದೆ ಕೆಲವೇ ಗಂಟೆಗಳಲ್ಲಿ ಕ್ಷೀಣಿಸುವ ಟಾಕ್ಸಿನ್ (ಈ ಬ್ಯಾಕ್ಟೀರಿಯ ಬಿಡುವ ವಿಷ) ಸಿಗದೆ ನೆಗೆಟಿವ್ ವರದಿ ಬರುತ್ತಿತ್ತು.

ಮೊದಲು ತರಿಸಿದ್ದು ಟಾಕ್ಸಿನ್ ಪತ್ತೆಹಚ್ಚುವ, 96 ಗುಳಿಗಳ ತಟ್ಟೆಯ ಎಲಿಸಾ ಕಿಟ್. ನಮ್ಮಲ್ಲಿ ಬರುವ ಮಾದರಿಗಳು ಕಡಿಮೆಯಾದ್ದರಿಂದ ಅದರ ಬಹುಪಾಲು ಅವಧಿ ಮೀರಿ, ಸುಮಾರು ಮೂವತ್ತು ಸಾವಿರ ರೂಪಾಯಿ ನಷ್ಟವಾಯಿತು. ಬಳಿಕ ಜಿಡಿಎಚ್ (ಈ ಬ್ಯಾಕ್ಟೀರಿಯದ ಒಂದು ಕಿಣ್ವ) ಮತ್ತು ಟಾಕ್ಸಿನ್‌ಗಳನ್ನು ಒಟ್ಟಿಗೆ ತೋರಿಸುವ, ಮಾದರಿಗೊಂದರಂತೆ ಬಳಸುವ ಕ್ಯಾಸೆಟ್‌ಗೆ ಬದಲಾದೆ; ಒಂದಕ್ಕೆ ಸಾವಿರದ ಇನ್ನೂರರ ಆಸುಪಾಸು ತಗುಲಿದರೂ ಒಂದೂ ವ್ಯರ್ಥವಾಗುವುದಿಲ್ಲ. ಎರಡೂ ಪಾಸಿಟಿವ್ ಅಥವಾ ಎರಡೂ ನೆಗೆಟಿವ್ ಆದರೆ ಅದೇ ದಿನ ವರದಿ ಕೊಡುತ್ತೇನೆ. ಜಿಡಿಎಚ್ ಮಾತ್ರ ಪಾಸಿಟಿವ್ ಆದವನ್ನಷ್ಟೇ ಟಾಕ್ಸಿನ್ ಜೀನ್ ಹುಡುಕುವ ಪಿಸಿಆರ್‌ಗೆ ಕಳುಹಿಸುತ್ತೇನೆ. ಆದರೆ ಕೊಲೈಟಿಸ್, ಕ್ರೋನ್ಸ್ ರೋಗಿಗಳ ಕರುಳಿನಲ್ಲಿ ಸೋಂಕಿಲ್ಲದೆಯೂ ಈ ಬ್ಯಾಕ್ಟೀರಿಯ ನೆಲೆಸಿರುವುದು ಹೆಚ್ಚಾದ್ದರಿಂದ, ಪಿಸಿಆರ್ ಪಾಸಿಟಿವ್ ಒಂದನ್ನೇ ನಂಬಿ ಔಷಧ ಆರಂಭಿಸಬೇಡಿ ಎಂದು ವರದಿಯಲ್ಲೇ ಬರೆಯುತ್ತೇನೆ.

ಗಟ್ಟಿ ಮಲವನ್ನು ಯಾರೇ ಕಳುಹಿಸಿದರೂ ಹಿಂದಿರುಗಿಸುತ್ತೇನೆ. ಚಿಕಿತ್ಸೆಯ ನಂತರ ಗುಣವಾಗಿದೆಯೇ ಎಂದು ನೋಡಲು ಮರುಪರೀಕ್ಷೆ ಮಾಡುವುದಿಲ್ಲ. ಆ್ಯಂಟಿಬಯೋಟಿಕ್ ತೆಗೆದುಕೊಂಡಿಲ್ಲ ಎಂಬ ಕಾರಣಕ್ಕೆ ಪರೀಕ್ಷೆ ಬೇಡವೆನ್ನುವುದು ತಪ್ಪು, ಏಕೆಂದರೆ ಈ ಕರುಳು ರೋಗಿಗಳಿಗೆ ಅದಿಲ್ಲದೆಯೂ ಸೋಂಕು ತಗಲುತ್ತದೆ. ಸಿಗ್ಮಾಯ್ಡೋಸ್ಕೋಪಿಯಲ್ಲಿ (ದೊಡ್ಡಕರುಳಿನ ಕೆಳಭಾಗವನ್ನು ನಳಿಕೆಯಿಂದ ನೋಡುವ ಪರೀಕ್ಷೆ) ಈ ಸೋಂಕಿನ ಗುರುತಾದ ಹುಸಿಪೊರೆ ಕಾಣಲಿ ಎಂದು ಕಾಯುವುದೂ ವ್ಯರ್ಥ, ಇವರಲ್ಲಿ ಅದು ಅನೇಕ ವೇಳೆ ಮೂಡುವುದೇ ಇಲ್ಲ.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲದಿದ್ದಾಗಲೂ ಕಿಟ್ ಮತ್ತು ಮಾದರಿಗಳನ್ನು 2ರಿಂದ 8 ಡಿಗ್ರಿಯೊಳಗೆ ಕಾಪಾಡುವ ಏರ್ಪಾಡೊಂದನ್ನು ನಾನೇ ರೂಪಿಸಿದ್ದೇನೆ. ಅದರ ವಿವರವನ್ನು ಸದ್ಯಕ್ಕೆ ನನ್ನಲ್ಲೇ ಇರಿಸಿಕೊಳ್ಳುತ್ತೇನೆ. ಜಿಲ್ಲೆಯಲ್ಲಿ ಇದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಮಾಡಿದವರು ಬೇರೆ ಯಾರನ್ನೂ ನಾನು ಕಂಡಿಲ್ಲ.

ಇದರ ನಡುವೆ ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯ ಕ್ಯಾಂಪಿಲೋಬ್ಯಾಕ್ಟರ್ ಅನ್ನು ಬೆಳೆಸಲೂ ಪ್ರಯತ್ನಿಸಿದೆ. 42 ಡಿಗ್ರಿಯಲ್ಲಿ ಕ್ಯಾಂಡಲ್ ಜಾರ್ (ಒಳಗೆ ಮೇಣದಬತ್ತಿ ಉರಿಸಿ ಮುಚ್ಚುವ ಪಾತ್ರೆ) ಇಟ್ಟಾಗ, ಆಮ್ಲಜನಕ ಬೇಕಾದಷ್ಟು ಇಳಿಯದೆ, ಬೆಳವಣಿಗೆ ಒಮ್ಮೆ ಬಂದರೆ ಮತ್ತೊಮ್ಮೆ ಬರುತ್ತಿರಲಿಲ್ಲ. ಜಾರ್‌ನೊಳಗಿನ ಆಮ್ಲಜನಕ ಇಳಿಸುವ ಗ್ಯಾಸ್ ಪೊಟ್ಟಣ ಬಳಸಿದ ಮೇಲೆ ಫಲಿತಾಂಶ ಸ್ಥಿರವಾಯಿತು. ಪೊಟ್ಟಣ ದುಬಾರಿಯಾದ್ದರಿಂದ ಎರಡು ಮೂರು ಮಾದರಿ ಸೇರಿದ ದಿನ ಮಾತ್ರ ಜಾರ್ ಮುಚ್ಚುತ್ತೇನೆ, ಅಲ್ಲಿಯವರೆಗೆ ಮಾದರಿ, ಬ್ಯಾಕ್ಟೀರಿಯ ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ತಂಪಿನಲ್ಲಿರುತ್ತದೆ.